ಟಿವಿಯ ಮಹಾಮಾರಿ, ನಮ್ಮನೆಯ ಕಂಟಕ

ಹೆದರಿದವರ ಮನೆಯಲ್ಲೇ ನಗೆಪಾಟಲು ಹೆಚ್ಚು. ಕೊರೊನಾ ಕಾಲದಲ್ಲಿ ಮರವಂತೆಯ ನಮ್ಮ ಮನೆಯಲ್ಲಿ ಇದ್ದದ್ದು ಅಮ್ಮ, ನಾನು ಮತ್ತು ಟಿವಿ. ತಮ್ಮ ಮುಂಬೈಯ ಹೋಟೆಲಿನಲ್ಲಿ ದುಡಿಯುತ್ತಿದ್ದ. ಆ ಚಿಂತೆಯಲ್ಲಿ ಅಮ್ಮ ಟಿವಿ ಆರಿಸಲು ಬಿಡುತ್ತಿರಲಿಲ್ಲ.

ಅಟ್ಟಹಾಸ

ವಾರ್ತೆಯವನು "ಮಹಾಮಾರಿಯ ಅಟ್ಟಹಾಸ!" ಎಂದು ಕೂಗಿದಾಗಲೆಲ್ಲ ಅಮ್ಮ ಎದ್ದು ಕೈಮುಗಿಯುತ್ತಿದ್ದಳು. ಮಾರಿಯಮ್ಮನ ಹೆಸರು ಬಂದಾಗ ಕೂತಿರುವುದು ಹೇಗೆ? ಎದ್ದು ಕೂತು ಮಂಡಿನೋವೇ ಬಂತು. ಕೊನೆಗೊಮ್ಮೆ ಅವನ ಮುಖವನ್ನೇ ದಿಟ್ಟಿಸಿ, "ಮಾರಿಯಮ್ಮ ಸುಮ್ನೇ ಇತ್, ಹೆಣೆ. ಅಟ್ಟಹಾಸ ಮಾಡುದ್ ಈ ಮನ್ಷನೇ" ಎಂದು ನನಗೆ ಹೇಳಿದಳು.

ಸ್ಫೋಟ

"ಕುಂದಾಪುರದಲ್ಲಿ ಕೊರೊನಾ ಸ್ಫೋಟ!" ಎಂದು ಕೆಂಪಕ್ಷರ ಬಂದ ದಿನ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ಕರೆದರು. "ಹ್ವಾಯ್, ನಿಮ್ಗ್ ಶಬ್ದ ಕೇಂಡ್ತಾ?"

"ಇಲ್ಲ ಅಜ್ಜಿ."

"ಸದ್ಯ!" ಅಜ್ಜಿ ಕಿವಿ ಮುಟ್ಟಿಕೊಂಡರು. "ನನ್ ಕೆಮಿಯೇ ಹೋಯ್ತ್ ಅಂದೇಳಿ ಹೆದ್ರಿದ್ದೆ."

ಕಂಟಕ

ಮುಂಬೈಯಿಂದ ಬಸ್ಸುಗಳು ಹೊರಟದ್ದೇ "ಕರಾವಳಿಗೆ ಮುಂಬೈ ಕಂಟಕ!" ಶುರುವಾಯಿತು. ಹಿಂದಿನ ವರ್ಷ ಊರ ಶಾಲೆಗೆ ಫ್ಯಾನ್ ಕೊಟ್ಟಾಗ ಇದೇ ತಮ್ಮ ಪೇಪರಿನಲ್ಲಿ "ಮುಂಬೈ ಉದ್ಯಮಿ" ಆಗಿದ್ದ. ಅಮ್ಮ ಗಡಬಡಿಸಿ ಕಿಟಕಿಗಳನ್ನೆಲ್ಲ ಹಾಕಿದಳು. ಅಷ್ಟರಲ್ಲಿ ಫೋನು.

"ಅಮ್ಮಾ, ಕಂಟಕ ಮಾತಾಡುದ್. ಬೈಂದೂರಂಗೆ ಬಸ್ಸಿಳ್ಸಿ ಶಾಲಿ ರೂಮಂಗೆ ಒಬ್ಬನ್ನೇ ಕ್ವಾರಂಟೈನ್ ಇಟ್ಟಿದ್ರ್. ಗಂಜಿ ಕೊಟ್ರ್."

ಅಮ್ಮ ಅತ್ತಳು. "ನೀ ಅಲ್ಲ ಮಗಾ! ಟಿವಿಯರ್ ಹೇಳುದ್ ಬೇರೆ ಯಾರಿಗೋ!"

ಪರಾರಿ

ಎರಡು ದಿನ ಕಳೆದಿರಬೇಕು, ಬೆಳಿಗ್ಗೆಯೇ ಟಿವಿ ಕಿರುಚಿತು: "ಬೈಂದೂರಿನಲ್ಲಿ ಮುಂಬೈ ಶಂಕಿತ ಪರಾರಿ!" ಅಮ್ಮ ಚಿಲಕ ಹಾಕಿದ್ದ ಬಾಗಿಲಿಗೆ ಮತ್ತೊಮ್ಮೆ ಚಿಲಕ ಹಾಕಿದಳು. ನಾನು ತಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅವನದು ಪಿಸುದನಿ.

"ಅಕ್ಕಾ, ನಾನೂ ಮೊಬೈಲಂಗೆ ಕಂಡೆ. ಬಾಗ್ಲಿಗೆ ಬೆಂಚ್ ಅಡ್ಡ ಇಟ್ಕಂಡ್ ಕೂಕಂಡಿದ್ದೆ. ಆ ಪರಾರಿ ಆದವ ಹೊರ್ಗೇ ಇದ್ದ. ಆಗಿಂದ ಬಾಗ್ಲ್ ಬಡೀತಿದ್ದ!"

"ತೆಗಿಬೇಡ ಮಗಾ!" ಅಮ್ಮ ಚೀರಿದಳು. ಫೋನಿನಲ್ಲಿ ದಬದಬ ಸದ್ದು, "ಪೊಲೀಸ್!" ಎಂಬ ಗದರಿಕೆ, ಬೆಂಚು ಎಳೆದ ಸದ್ದು ಕೇಳಿಸಿತು. ಆಮೇಲೆ ಪೊಲೀಸಿನವರ ಮಾತಿನಿಂದ ನಮಗೆ ತಿಳಿದದ್ದಿಷ್ಟು: ಬೆಳಿಗ್ಗೆ ತಲೆ ಎಣಿಸುವ ಹೊತ್ತಿಗೆ ತಮ್ಮ ಸ್ನಾನಕ್ಕೆ ಹೋಗಿದ್ದ. ಒಬ್ಬ ಕಡಿಮೆ ಎಂದದ್ದು ಟಿವಿಗೆ ಮುಟ್ಟುವಾಗ ಪರಾರಿಯಾಗಿತ್ತು. ಅವರು ಬಾಗಿಲು ಬಡಿದದ್ದು ಅವನನ್ನೇ ಹುಡುಕಿ.

ತಮ್ಮನಿಗೆ ಮಾತ್ರ ಅದೊಂದೂ ತಲೆಗೆ ಹೋಗಿರಲಿಲ್ಲ. ಅದೇ ಪಿಸುದನಿಯಲ್ಲಿ ಕೇಳುತ್ತಿದ್ದ: "ಸಾರ್, ಅವ ಸಿಕ್ಕಿದ್ನಾ?"