ಬಿಳಿ ಕಾಯಿ ಆಡಲು ಬಾರದ ಮಾವ

ನಮ್ಮ ಸೋದರಮಾವನಿಗೆ ಚದುರಂಗ ಬರುವುದು ಅರ್ಧ ಮಾತ್ರ. ಬಿಳಿ ಕಾಯಿ ಆಡಲು ಅವರಿಗೆ ಬರುವುದೇ ಇಲ್ಲ! ಆ ಅರ್ಧ ವಿದ್ಯೆಯಲ್ಲೇ ನಮ್ಮ ಇಡೀ ಒಂಟಿಕೊಪ್ಪಲು ಬಡಾವಣೆಯನ್ನು ಸೋಲಿಸಿದ್ದರು ಎಂಬುದೇ ನನ್ನ ಹೊಟ್ಟೆಯುರಿ.

"ನಿನ್ ಮಾವನ್ನ ನೋಡಿ ಕಲ್ತ್ಕೊಳೋ" ಎಂದು ಅಮ್ಮ ಊಟಕ್ಕೆ ಮುಂಚೆ ಒಂದು, ಆಮೇಲೆ ಒಂದು, ಮಾತ್ರೆಯ ಹಾಗೆ ನುಂಗಿಸುತ್ತಿದ್ದಳು. ಕಲಿತೆನಲ್ಲ! ಹೊಡೆದ ಕಾಯಿಗಳನ್ನೆಲ್ಲ ಮಾವ ಕರ್ಚೀಫಿನಿಂದ ಮುಚ್ಚುತ್ತಿದ್ದರು. "ಸತ್ತೋರ ಮುಖ ನೋಡ್ತಾ ಕೂತ್ರೆ ಕರುಣೆ ಬಂದ್ಬುಡುತ್ತೆ ಕಣೋ." ಅದನ್ನೇ ನಾನು ಮದುವೆಮನೆಗಳಲ್ಲಿ ಅಭಿನಯಿಸುತ್ತಿದ್ದೆ. ಜನ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕು ಮಾವ ತಿದ್ದುತ್ತಿದ್ದರು: "ಲೋ, ಮೊದ್ಲು ಕರ್ಚೀಫು ಕೊಡವಬೇಕು ಕಣೋ!" ಗೇಲಿಗೆ ಸಿಕ್ಕಿಯೂ ಅವರೇ ಗೆದ್ದರೆ ನಾನು ಬದುಕುವುದು ಹೇಗೆ?

ತೊಂಬತ್ತರ ದಶಕದ ಕೊನೆಗೆ, ನಜರ್‌ಬಾದಿನಲ್ಲಿ ನಡೆದ ಪಂದ್ಯಾವಳಿಯ ಫೈನಲ್ಲಿಗೆ ನಾವಿಬ್ಬರೇ ಉಳಿದೆವು. ಅಮ್ಮನ ಕಣ್ಣೆದುರು ಒಂದೇ ಒಂದು ಸಲ ಇವರನ್ನು ಸೋಲಿಸಿದರೆ ಸಾಕಿತ್ತು. ಚೀಟಿ ಎತ್ತಿದಾಗ ಬಿಳಿ ಬಂದದ್ದು ಮಾವನಿಗೆ. ತೀರ್ಪುಗಾರರ ಮುಂದೆ ಮುಖ ಸಪ್ಪಗೆ ಮಾಡಿದರು. "ಸಾರ್, ಹುಡುಗ ಒಪ್ಪಿದ್ರೆ ನಂಗೆ ಕಪ್ಪು ಕೊಟ್ಬುಡಿ." ಬಿಳಿಗೇ ಸೇರಿದ ಮೊದಲ ನಡೆ ನನಗೆ ಪುಕ್ಕಟೆ! ಬೇಡವೆನ್ನಲು ನನಗೇನು ಹುಚ್ಚೇ?

ಮಾವ ಸಿಸಿಲಿಯನ್ ಡಿಫೆನ್ಸ್‌ಗೆ ಇಳಿದರು. ಇಬ್ಬರೂ ಒಬ್ಬರ ರಾಜನ ಮೇಲೊಬ್ಬರು ನುಗ್ಗುವ, ಒಂದು ನಡೆ ತಡವಾದರೂ ತಿಥಿಯೇ ಆಗಿಬಿಡುವ ಆಟ ಅದು. ನಾನು ಅಂಚಿನ ಕಾಲಾಳನ್ನು ಓಡಿಸಿ ಅವರ ಕೋಟೆ ಒಡೆದೆ. ಗೆಲುವು ಇನ್ನೆರಡೇ ನಡೆ! ಆಗ ಮಾವ ಆನೆಯಿಂದ ನನ್ನ ಕುದುರೆಯನ್ನು ಹೊಡೆದರು. ಜುಜುಬಿ ಕುದುರೆಗಾಗಿ ಅಷ್ಟು ಬೆಲೆಬಾಳುವ ಆನೆ! ಸುಮ್ಮನೆ ನನ್ನ ದಾಳಿ ಮುಂದುವರಿಸಬಹುದಿತ್ತು. ಆದರೆ ಅಂಥ ಹೆಣ ಸಿಕ್ಕಾಗ ಯಾವ ನಟ ಬಿಟ್ಟಾನು? ನನ್ನ ರಾಜನಿಗೆ ಕಾವಲಿದ್ದ ಕಾಲಾಳಿನಿಂದ ಆನೆಯನ್ನು ಹೊಡೆದೆ, ಕರ್ಚೀಫು ತೆಗೆದೆ, ಕೊಡವಿದೆ, ಮುಚ್ಚಿದೆ. ಸಭೆ ಗೊಳ್ಳೆಂದಿತು. ಆ ಕಾಲಾಳು ಬಿಟ್ಟ ಜಾಗದಲ್ಲೇ ಮಾವನ ರಾಣಿ, ಒಂಟೆ ಒಳಗೆ ನುಗ್ಗಿದವು. ಐದು ನಡೆಗೆ ನನ್ನ ರಾಜ ಫಿನಿಶ್!

"ಈ ಸಲ ಸರಿಯಾಗಿ ಕೊಡವ್ದೆ ಕಣೋ" ಎಂದರು ಮಾವ.

ಬಸ್‌ಸ್ಟಾಪಿನಲ್ಲಿ, ಅಮ್ಮನ ಕೈಯಲ್ಲಿ ಮಾವನ ಕಪ್ ನೋಡಲಾಗದೆ, ರೇಗಿದೆ. "ಅದ್ಯಾಕ್ ಮಾವ, ನಿಮಗೆ ಬಿಳಿ ಬರಲ್ಲ?"

"ನೀನೇ ಕಣೋ ಕಾರಣ. ಐದು ವರ್ಷದೋನಿದ್ದಾಗ ಬಿಳಿ ಕೊಡದಿದ್ರೆ ಬೋರ್ಡೇ ಮಗುಚ್ಬುಟ್ಟು ಅಳ್ತಿದ್ದೆ. ಅವತ್ತಿಂದ ದಿನಾ ಕಪ್ಪೇ ಆಡಿ ಆಡಿ, ಬಿಳಿ ಮರ್ತೇಹೋಯ್ತು."

ಮಾರನೆಯ ಸಂಜೆ ಬೋರ್ಡು ಹಾಸಿ, ಬಿಳಿ ಕಾಯಿಗಳನ್ನು ಅವರ ಕಡೆ ಜೋಡಿಸಿದೆ. ಮಾವ ಒಂದು ಕಾಲಾಳನ್ನು ಮುಟ್ಟಿದರು, ಬಿಟ್ಟರು, ಇನ್ನೊಂದನ್ನು ಮುಟ್ಟಿದರು.

"ಮೊದ್ಲು ಯಾವ್ದನ್ನ ತಳ್ಳೋದೋ?" ಎಂದರು.