ಪೂರ್ವಕ್ಕೆ ಮುಖ ಮಾಡದ ಮೇಜು

ಬೆಂಚುಗಳನ್ನು ಸಾಲಾಗಿ ಇಡಿಸುವುದರಲ್ಲಿ ನನ್ನನ್ನು ಮೀರಿಸುವವನು ಚಿಂತಾಮಣಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಮೂವತ್ತನಾಲ್ಕು ವರ್ಷ ಸಮಾಜ ವಿಜ್ಞಾನ ಬೋಧಿಸಿದವನು ನಾನು. ತರಗತಿಯೊಳಗೆ ಕಾಲಿಟ್ಟೊಡನೆ ಒಂದು ಕಣ್ಣು ಮುಚ್ಚಿ ಬೆಂಚುಗಳ ಸಾಲು ನೋಡುತ್ತಿದ್ದೆ. ಒಂದು ಬೆರಳಿನಷ್ಟು ಸೊಟ್ಟಗಿದ್ದರೂ ಸಾಕು, ಆ ಬೆಂಚಿನವರು ಗಂಟೆ ಹೊಡೆಯುವವರೆಗೆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಮಕ್ಕಳು ನನಗೆ ‘ಲೈನ್ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ನಾನದನ್ನು ಬಿರುದೆಂದೇ ಸ್ವೀಕರಿಸಿದ್ದೆ.

ಹೀಗಿರುವಾಗ ಹಳೆಯ ವಿದ್ಯಾರ್ಥಿನಿ ತನುಜ ಒಂದು ಲ್ಯಾಪ್‌ಟಾಪ್ ಹಿಡಿದು ಮನೆಗೆ ಬಂದಳು. ಚಿಕ್ಕಬಳ್ಳಾಪುರದಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸ ಅವಳದು. ಕೆಂಚಾರ್ಲಹಳ್ಳಿ ಕಡೆಯ ನಮ್ಮ ಹಳೆಯ ಶಾಲೆಯನ್ನು ಕೆಡವಿ ನಾಲ್ಕು ವರ್ಷವಾಯಿತು. ಅದರ ಹತ್ತನೆಯ ತರಗತಿಯ ಕೋಣೆಯನ್ನು ಅವಳು ಕಂಪ್ಯೂಟರಿನೊಳಗೆ ಮತ್ತೆ ಕಟ್ಟಿದ್ದಳು! ಭಾನುವಾರ ಸಂಜೆ ಐದಕ್ಕೆ ಅವಳ ಬ್ಯಾಚಿನವರೆಲ್ಲ ತಂತಮ್ಮ ಊರುಗಳಲ್ಲೇ ಕುಳಿತು, ಬೊಂಬೆಗಳ ರೂಪದಲ್ಲಿ ಆ ಕೋಣೆಯಲ್ಲಿ ಸೇರುವರಂತೆ.

“ನಿಮ್ಮ ಮೇಜು ಇಟ್ಟು, ಹಿಂದೆ ನಿಮ್ಮ ಬೊಂಬೇನೂ ನಿಲ್ಸಿದ್ದೀನಿ ಸಾರ್. ಬೆಂಚು ಎಲ್ಲೆಲ್ಲಿತ್ತೋ ನೀವು ಹೇಳಿದ್ರೆ ಇಡ್ತೀನಿ.”

“ಹೇಳೋದೇನಮ್ಮ? ನಾನೇ ಇಡ್ತೀನಿ! ಕೂದಲೆಳೆಯಷ್ಟು ಸೊಟ್ಟ ಕಂಡ್ರೆ ನಾನೇ ಮೂಲೇಲಿ ನಿಲ್ತೀನಿ. ಎಲ್ಲರಿಗೂ ಹೇಳು!”

ಹುಡುಗಿ ವಿಧೇಯಳು. ಅಲ್ಲೇ ಕುಳಿತು ವಾಟ್ಸಾಪಿನಲ್ಲಿ ಎಲ್ಲರಿಗೂ ಹೇಳಿಬಿಟ್ಟಳು!

ಅವಳು ಹೇಳಿಕೊಟ್ಟ ಪಾಠ ಸುಲಭವಿತ್ತು. ಬೆಂಚನ್ನು ಮುಟ್ಟಿದರೆ ಮೂರು ಬಾಣ ಮೂಡುತ್ತವೆ. ಕೆಂಪು ಎಳೆದರೆ ಪಕ್ಕಕ್ಕೆ, ಹಸಿರು ಎಳೆದರೆ ಹಿಂದುಮುಂದಕ್ಕೆ, ನೀಲಿ ಎಳೆದರೆ ಮೇಲೆ ಕೆಳಕ್ಕೆ. ಲ್ಯಾಪ್‌ಟಾಪನ್ನು ನನಗೆ ಬಿಟ್ಟು ತನುಜ ಅತ್ತ ಹೋದದ್ದೇ ತಡ, ಮೊದಲ ಬೆಂಚನ್ನು ಪ್ರತಿಷ್ಠಾಪಿಸಿದೆ. ಅವರೆಕಾಯಿ ಸುಲಿಯುತ್ತಿದ್ದ ನನ್ನಾಕೆ ಶ್ಯಾಮಲಮ್ಮ ಬಗ್ಗಿ ನೋಡಿದಳು.

“ಅದ್ಯಾಕ್ರೀ ಬೆಂಚು ತೊಟ್ಟಿಲ ಥರ ಗಾಳೀಲಿ ತೂಗ್ತಾ ಇದೆ?”

“ಮೇಲಿಂದ ನೋಡಿದಾಗ ನೆಲದ ಮೇಲೇ ಇತ್ತು ಕಣೇ!”

“ಮೇಲೆ ಕೂತು ನೋಡೋರಿಗೆ ಎಲ್ಲಾ ನೆಟ್ಟಗೇ ಕಾಣುತ್ತೆ. ಕೆಳಗಿಳಿದು ನೋಡಿ.”

ನೀಲಿ ಬಾಣ ಎಳೆದೆ. ಬೆಂಚು ನೆಲವನ್ನೂ ದಾಟಿ ಇಳಿಯಿತು; ಹೊಲದ ಮೂಲಂಗಿಯ ಹಾಗೆ ಅದರ ನೆತ್ತಿಯಷ್ಟೇ ಇಣುಕಿತು!

ಅಂತೂ ಮೂರು ದಿನ ಹೋರಾಡಿ ಹದಿನಾಲ್ಕು ಬೆಂಚುಗಳನ್ನೂ ಸಿಪಾಯಿಗಳ ಹಾಗೆ ನಿಲ್ಲಿಸಿದೆ. ಆಗ ನೆನಪಾಯಿತು: ಆ ಕೋಣೆಯಲ್ಲಿ ನನ್ನ ಮೇಜು ಪೂರ್ವಕ್ಕೆ ಮುಖ ಮಾಡಿತ್ತು! ನಮ್ಮ ಮನೆಗೆ ಪೂರ್ವವೆಂದರೆ ಬೀದಿ ಬಾಗಿಲು. ಹಜಾರದಲ್ಲಿ ಕುಳಿತು ಮೇಜನ್ನು ಬೀದಿ ಬಾಗಿಲಿನ ಕಡೆಗೆ ತಿರುಗಿಸಿದೆ. ಅಷ್ಟರಲ್ಲಿ ಚಾರ್ಜು ಮುಗಿಯಿತು. ಲ್ಯಾಪ್‌ಟಾಪನ್ನು ಅಡುಗೆಮನೆಯ ಪ್ಲಗ್ಗಿಗೆ ಸಿಕ್ಕಿಸಿ ನೋಡಿದರೆ, ಮೇಜು ಗ್ರೈಂಡರನ್ನು ನೋಡುತ್ತಿದೆ! ಮತ್ತೆ ತಿರುಗಿಸಿದೆ. ಸೂರ್ಯನನ್ನೇ ಸಾಕ್ಷಿಯಾಗಿಟ್ಟುಕೊಳ್ಳೋಣವೆಂದು ತಾರಸಿಗೆ ಹೊತ್ತೊಯ್ದೆ. ಈಗ ಪಕ್ಕದ ಮನೆಯ ನೀರಿನ ಟ್ಯಾಂಕಿಗೆ ಮುಖ! ತಲೆ ಕೆಟ್ಟು ತನುಜಳಿಗೆ ಫೋನು ಮಾಡಿದೆ.

“ಮೇಜು ಒಂದು ಕಡೆ ನಿಲ್ತಾ ಇಲ್ಲ ಕಣಮ್ಮ! ಹಜಾರದಲ್ಲಿ ಪೂರ್ವ, ಅಡುಗೆಮನೇಲಿ ಉತ್ತರ, ತಾರಸೀಲಿ ಪಶ್ಚಿಮ!”

“ಸಾರ್… ಲ್ಯಾಪ್‌ಟಾಪ್ ಹೊತ್ಕೊಂಡು ಓಡಾಡ್ತಿದ್ದೀರಾ?”

“ಮತ್ತೆ? ಸೂರ್ಯ ಇರೋದು ಹೊರಗಡೆ ತಾನೇ?”

“ಆ ಕೋಣೆಗೆ ಅದರದ್ದೇ ಸೂರ್ಯ ಇದೆ ಸಾರ್. ನಾನು ಇಟ್ಟಾಗಲೇ ಮೇಜು ಪೂರ್ವಕ್ಕಿತ್ತು!”

ಸಾವಿರಾರು ಮಕ್ಕಳಿಗೆ ದಿಕ್ಕು ಕಲಿಸಿದ ನಾನು ದಿಕ್ಕು ತಪ್ಪಿ ಕುಳಿತೆ.

ಭಾನುವಾರ ನಾಲ್ಕೂಮುಕ್ಕಾಲಿಗೆ ಮೇಜನ್ನು ಮೊದಲಿನಂತೆ ಮಾಡಲು ಹೊರಟೆ. ಯಾವ ಗುಂಡಿ ಒತ್ತಿದೆನೋ ದೇವರೇ ಬಲ್ಲ! ಮೇಜಿನ ಜೊತೆ ಕೋಣೆಯಲ್ಲಿದ್ದ ಸಮಸ್ತವೂ ಗಿರ್ರನೆ ತಿರುಗಿ ಒಂದರ ಮೇಲೊಂದು ಬಿತ್ತು. ಬೆಂಚಿನೊಳಗೆ ಬೆಂಚು, ಗೋಡೆಯೊಳಗೆ ಮೇಜು! ಒಂದನ್ನೂ ಸರಿಮಾಡುವ ಮೊದಲೇ ಐದಾಯಿತು.

ಮುನಿಶಾಮಿ, ಮಾಲಾ, ಸುನೀಲ್ — ತಲೆಯ ಮೇಲೆ ಹೆಸರು ಹೊತ್ತ ಬೊಂಬೆಗಳು ಒಂದೊಂದಾಗಿ ಒಳಗೆ ಬಂದವು. ಎಲ್ಲವೂ ಬೆಂಚುಗಳ ರಾಶಿಯ ಮುಂದೆ ನಿಂತು ನೋಡಿದವು. ಮೊದಲು ಬಾಯಿ ಬಿಟ್ಟವನು ಚಿಂತಾಮಣಿ ಮಾರ್ಕೆಟ್ಟಿನಲ್ಲಿ ಟೊಮ್ಯಾಟೊ ಮಂಡಿ ಇಟ್ಟಿರುವ ಮುನಿಶಾಮಿ.

“ಬಾಗುಂದಿ, ಚೆನ್ನಾಗಿದೆ ಸಾರ್! ಆಗಿದ್ದ ಹಾಗೇ ಇದೆ!”

“ಏನಪ್ಪಾ ಹಾಗೇ ಇರೋದು?”

“ನೀವು ಬೋರ್ಡಿನ ಕಡೆ ತಿರುಗಿದ್ರೆ ಸಾಕು, ಬೆಂಚೆಲ್ಲಾ ಹಿಂಗೇ ಆಗೋವು! ಚಾಕ್‌ಪೀಸ್ ಕೆಳಗಿಟ್ಟ ಸದ್ದು ಕೇಳಿದ ತಕ್ಷಣ ಲೈನಿಗೆ ಎಳ್ಕೊಳ್ತಿದ್ವಿ.”

“ಹಾಗಾದ್ರೆ ನಾನು ನೋಡಿದ ಲೈನು?”

“ಅದು ನೀವು ನೋಡೋವಾಗ ಮಾತ್ರ ಸಾರ್!” ಇಡೀ ಕೋಣೆ ಗೊಳ್ಳೆಂದು ನಕ್ಕಿತು.

ಮೂವತ್ತನಾಲ್ಕು ವರ್ಷದ ಬಿರುದು ಕಣ್ಣೆದುರಿಗೇ ನೆಲದೊಳಗೆ ಇಳಿಯಿತು. ಯಾವ ನೀಲಿ ಬಾಣ ಎಳೆದರೂ ಅದಿನ್ನು ಮೇಲೇಳದು!

“ಎಲ್ಲಾ ಸರಿ, ಸಾರ್ ಎಲ್ಲಿ?” ಎಂದಳು ಮಾಲಾ.

ಬೊಂಬೆಗಳೆಲ್ಲ ಸುತ್ತ ನೋಡಿದವು. ನಾನೂ ನೋಡಿದೆ. ಸಮಸ್ತವೂ ತಿರುಗಿದಾಗ ನನ್ನ ಬೊಂಬೆಯೂ ತಿರುಗಿತ್ತು. ಕೋಟು, ಕನ್ನಡಕದ ಸಮೇತ ಮೂಲೆಯಲ್ಲಿ ಗೋಡೆಗೆ ಮೂಗು ಆನಿಸಿ, ಬಲು ವಿನಯದಿಂದ ನಿಂತಿತ್ತು!

“ಅಯ್ಯಯ್ಯೋ, ಸಾರ್ ಕೊಟ್ಟ ಮಾತು ಉಳಿಸ್ಕೊಂಡುಬಿಟ್ರು!” ಎಂದ ಸುನೀಲ್.

ಗಾಬರಿಯಿಂದ ಕೆಂಪು, ಹಸಿರು, ನೀಲಿ ಎಲ್ಲ ಬಾಣಗಳನ್ನೂ ಎಳೆದೆ. ಬೊಂಬೆ ಮೊಣಕಾಲುದ್ದ ನೆಲದಲ್ಲಿ ಹೂತುಕೊಂಡಿತೇ ಹೊರತು ಈ ಕಡೆ ತಿರುಗಲಿಲ್ಲ.

ಶ್ಯಾಮಲಮ್ಮ ನನ್ನ ಕೈಯಿಂದ ಮೌಸು ಕಿತ್ತುಕೊಂಡಳು. “ಸುಮ್ನಿರಿ! ಗಂಟೆ ಹೊಡೆಯೋಕೆ ಮುಂಚೆ ತಿರುಗಬಾರದು ಅಂತ ರೂಲು ಮಾಡಿದೋರು ಯಾರು?”

ಆಮೇಲೆ ಪೂರಾ ನಲವತ್ತು ನಿಮಿಷ ಮಕ್ಕಳು ಹರಟಿದರು. ನಾನು ಗೋಡೆ ನೋಡಿದೆ. ಕಡೆಗೆ ಅಡುಗೆಮನೆಯಲ್ಲಿ ಸೌಟಿನಿಂದ ತಟ್ಟೆಯನ್ನು ಢಣಢಣ ಬಾರಿಸಿ, ಗಂಟೆ ಹೊಡೆದವಳೂ ಅವಳೇ!