ಅಂಗಿಯ ಮೇಲೆ ಕೂತ ಅತ್ತೆ

ಅರುವತ್ತೊಂದನೇ ಇಸವಿಯ ಆಟಿ, ತುಳುನಾಡಿನಲ್ಲಿ ಸತ್ತವರು ಮನೆಗೆ ಬಂದು ಹೋಗುವ ಮಳೆಯ ತಿಂಗಳು. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸಿದ ಮರುದಿನ ಬೆಳಿಗ್ಗೆ ಭೋಜ ಎಂಬವನ ಅಂಗಿಯ ಮೇಲೆ ಒಂದು ಪತಂಗ ಬಂದು ಕೂತಿತು. ಬೇರೆ ತಿಂಗಳಾಗಿದ್ದರೆ ಅದು ಪತಂಗವಾಗಿಯೇ ಉಳಿಯುತ್ತಿತ್ತು.

ಪತಂಗವೆಂದರೆ ದೀಪಕ್ಕೆ ಬೀಳುವ ಪುಡಿ ಹುಳವಲ್ಲ. ಹಿರಿಯಡ್ಕದ ಕಾಡಿನಿಂದ ಬಂದದ್ದು. ಎರಡು ಅಂಗೈ ಬಿಡಿಸಿಟ್ಟಷ್ಟು ಅಗಲ, ಹುರಿದ ಕೊತ್ತಂಬರಿಯ ಬಣ್ಣ, ರೆಕ್ಕೆಯ ತುದಿಯಲ್ಲಿ ಹಾವಿನ ತಲೆಯಂಥ ಕೊಂಕು. ಭೋಜನಿಗೆ ಇದ್ದದ್ದು ಅದೊಂದೇ ಬಿಳಿ ಅಂಗಿ. ಹತ್ತು ಗಂಟೆಗೆ ಮಣಿಪಾಲದಲ್ಲಿ ಗುಮಾಸ್ತೆ ಕೆಲಸದ ಇಂಟರ್ವ್ಯೂ, ಒಂಬತ್ತಕ್ಕೆ ಬಸ್ಸು. ಎರಡು ವರ್ಷ ಅರ್ಜಿ ಹಾಕಿದ ಮೇಲೆ ಬಂದ ಮೊದಲ ಕರೆ.

ಸ್ನಾನ ಮುಗಿಸಿ ಬೈರಾಸು ಸುತ್ತಿಕೊಂಡು ಬಂದವನು ಅಂಗಿ ಕೊಡವಲು ಕೈ ಎತ್ತಿದ.

"ಮುಟ್ಟಬೇಡಿ! ಅದು ಅಮ್ಮ!" ಹೆಂಡತಿ ಅಪ್ಪಿ ಕಿರುಚಿದಳು.

ಪಕ್ಕದ ಮನೆಯ ನಳಿನಾಕ್ಷಿಯಕ್ಕ ಕರೆಯುವ ಮೊದಲೇ ಬಂದರು. "ಸಂಶಯವೇ ಬೇಡ ಭೋಜ, ನಿನ್ನ ಅತ್ತೆಯೇ. ಕೂತ ಗತ್ತು ನೋಡು."

"ಅವರಿಗೆ ನನ್ನ ಅಂಗಿಯೇ ಆಗಬೇಕಿತ್ತಾ ಅಕ್ಕ?"

"ಅವರನ್ನೇ ಕೇಳು ಮಾರಾಯ. ನಿನ್ನೆ ಬಡಿಸಿದ್ದರಲ್ಲಿ ಎಂತದೋ ಕಮ್ಮಿಯಾಗಿದೆ."

ಅಪ್ಪಿ ಎಲೆ ಹಾಕಿ ನೀರುದೋಸೆ, ಕೋಳಿಗಸಿ ಬಡಿಸಿದಳು. ಪತಂಗ ಅತ್ತ ತಿರುಗಲೂ ಇಲ್ಲ.

"ಅಳಿಯನ ಮೇಲೆ ಸಿಟ್ಟು," ನಳಿನಾಕ್ಷಿಯಕ್ಕ ತೀರ್ಪು ಕೊಟ್ಟರು. ಭೋಜ ಅಂಗಿಗೆ ಕೈಮುಗಿದು, ಅತ್ತೆಗೆ ಆಡಿದ ಮಾತು, ಆಡದೆ ನುಂಗಿದ ಮಾತು ಎರಡಕ್ಕೂ ತಪ್ಪಾಯಿತೆಂದ. ಪತಂಗ ಕದಲಲಿಲ್ಲ. ಗಂಟೆ ಎಂಟೂವರೆಯಾಯಿತು.

ಬೈರಾಸಿನಲ್ಲೇ ಓಡಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹೆರಾಲ್ಡ್ ಮಾಸ್ಟ್ರನ್ನು ಎಳೆದುಕೊಂಡು ಬಂದ.

ಮಾಸ್ಟ್ರು ಭೂತಗನ್ನಡಿ ಹಿಡಿದು ಬಗ್ಗಿದರು. "ಅಟ್ಲಾಸ್ ಪತಂಗ. ನಮ್ಮ ಕಾಡಿನದ್ದೇ. ಹುಳುವಾಗಿದ್ದಾಗ ತಿಂದದ್ದರಲ್ಲೇ ಒಂದು ವಾರ ಬದುಕುತ್ತದೆ. ಈಗ ತಿನ್ನಲಿಕ್ಕೆ ಇದಕ್ಕೆ ಬಾಯಿಯೇ ಇಲ್ಲ."

"ಬಾಯಿಯೇ ಇಲ್ವಾ?" ನಳಿನಾಕ್ಷಿಯಕ್ಕ ಅಪ್ಪಿಯ ಮುಖ ನೋಡಿದರು. ಅಪ್ಪಿ ಎಲೆ ಎತ್ತಿದಳು. ಬಾಯಿ ಇಲ್ಲದ್ದು ಅತ್ತೆಯಾಗಲಾರದು; ಅವರನ್ನು ಬಲ್ಲವರು ಯಾರೂ ಇದಕ್ಕೆ ಎದುರು ಹೇಳುವಂತಿರಲಿಲ್ಲ.

ಭೋಜ ಅಂಗಿಯ ಕಾಲರಿಗೆ ಕೈ ಹಾಕಿದ. ಮಾಸ್ಟ್ರ ಪಾಠ ಮಾತ್ರ ಮುಗಿದಿರಲಿಲ್ಲ. "ಮೀಸೆ ನೋಡಿ, ಗರಿಯ ಹಾಗೆ ಅಗಲ ಉಂಟು. ಇದು ಗಂಡು."

"ಗಂಡು. ಬಾಯಿ ಇಲ್ಲ," ನಳಿನಾಕ್ಷಿಯಕ್ಕ ಬೆರಳು ಮಡಚಿದರು. "ಅಯ್ಯೋ ಅಪ್ಪಿ, ಇದು ನಿನ್ನ ಅಪ್ಪ!"

ಮೂವತ್ತು ವರ್ಷ ಹೆಂಡತಿಯ ಎದುರು ತುಟಿ ಬಿಚ್ಚದೆ ಬಾಳಿ, ತುಟಿ ಬಿಚ್ಚದೆಯೇ ತೀರಿಹೋದ ಮನುಷ್ಯ. ಅಪ್ಪಿ ಕಣ್ಣೊರೆಸಿಕೊಂಡು ಎಲೆಯನ್ನು ಮತ್ತೆ ಹಾಕಿದಳು. ಭೋಜನಿಗೂ ಒಂದು ಗಳಿಗೆ ಮಾವನ ಹೋಲಿಕೆ ಕಂಡಿತು.

"ಮಾಸ್ಟ್ರೇ, ಈ ಗಂಡು ಇಲ್ಲಿಗೆ ಎಂತಕ್ಕೆ ಬಂತು? ಅದನ್ನಾದರೂ ಸರಿಯಾಗಿ ಹೇಳಿ!" ಎಂದು ಅಂಗಲಾಚಿದ.

"ಹೆಣ್ಣಿನ ವಾಸನೆ ಹಿಡಿದು, ಮೈಲುಗಟ್ಟಲೆ ದೂರದಿಂದ ಹುಡುಕಿಕೊಂಡು ಬರುತ್ತದೆ," ಮಾಸ್ಟ್ರು ಸರಿಯಾಗಿಯೇ ಹೇಳಿದರು. "ಹೆಣ್ಣು ಈ ಮನೆಯಲ್ಲೇ ಎಲ್ಲೋ ಇರಬೇಕು."

ಹುಡುಕಾಟ ಶುರುವಾಯಿತು. ಅಟ್ಟ, ಕಟ್ಟಿಗೆ ರಾಶಿ, ಅಕ್ಕಿ ಮುಡಿ, ಎಲ್ಲ ಆಯಿತು. ಕಡೆಗೆ ಒಳಕೋಣೆಯಿಂದ ಅಪ್ಪಿಯ ಕೂಗು ಬಂತು. ಮಳೆಯೆಂದು ಅಲ್ಲಿ ಹಗ್ಗಕ್ಕೆ ಹಾಕಿದ್ದ ಭೋಜನ ಒಂದೇ ಒಂದು ಬಿಳಿ ಪಂಚೆಯ ನಟ್ಟನಡುವೆ, ಮೊದಲಿನದಕ್ಕಿಂತ ದೊಡ್ಡದೊಂದು ಪತಂಗ ರೆಕ್ಕೆ ಹರವಿ ಕೂತಿತ್ತು.

ಮಾಸ್ಟ್ರು ಭೂತಗನ್ನಡಿ ಹಿಡಿದರು. "ಹೌದು, ಹೆಣ್ಣೇ. ಇದಕ್ಕೂ ಬಾಯಿ ಇಲ್ಲ."

ಆ ಕೊನೆಯ ಮಾತನ್ನು ಮಾತ್ರ ಯಾರೂ ನಂಬಲಿಲ್ಲ.

ಭೋಜ ಬೈರಾಸಿನ ಗಂಟು ಬಿಗಿಮಾಡಿಕೊಂಡು ಅತ್ತೆಗೆಂದು ಇನ್ನೊಂದು ಎಲೆ ಕೊಯ್ಯಲು ಹಿತ್ತಿಲಿಗೆ ಹೋದ. ಕೆಳಗೆ ರಸ್ತೆಯಲ್ಲಿ ಒಂಬತ್ತರ ಬಸ್ಸು ಹಾರ್ನ್ ಹೊಡೆಯುತ್ತ ಮಣಿಪಾಲದ ಕಡೆಗೆ ಹೋಯಿತು.